ಹ್ಯಾನ್ಸ್ ರೆನೋಲ್ಡ್: ನಮ್ಮ ಬೈಕ್ ಚೈನಿನ ಹಿಂದಿರುವ ಮನುಷ್ಯ

ಮೊದಲೇ ಒಂದು ಗೊಂದಲ ಬಗೆಹರಿಸಿಬಿಡೋಣ. ಫ್ಲೂಯಿಡ್ ಮೆಕ್ಯಾನಿಕ್ಸ್ ಕ್ಲಾಸಿನಲ್ಲಿ ನಮ್ಮ ತಲೆ ತಿಂದ ರೆನಾಲ್ಡ್ಸ್ ನಂಬರ್ ಇದೆಯಲ್ಲ, ಅದರ ಓಸ್ಬೋರ್ನ್ ರೆನಾಲ್ಡ್ಸ್ ಬೇರೆ. ಮಷಿನ್ ಡಿಸೈನ್ ಪುಸ್ತಕದ ಚೈನ್ ಡ್ರೈವ್ ಅಧ್ಯಾಯದಲ್ಲಿ ಬರುವ ಹ್ಯಾನ್ಸ್ ರೆನೋಲ್ಡ್ ಬೇರೆ. ತಮಾಷೆ ಏನಂದ್ರೆ ಇಬ್ಬರೂ ಒಂದೇ ಕಾಲದವರು, ಒಂದೇ ಊರಿನಲ್ಲಿದ್ದವರು. ಓಸ್ಬೋರ್ನ್ 1868ರಿಂದ ಮ್ಯಾಂಚೆಸ್ಟರಿನ ಓವೆನ್ಸ್ ಕಾಲೇಜಿನಲ್ಲಿ ಇಂಜಿನಿಯರಿಂಗ್ ಪ್ರೊಫೆಸರ್. ಅವರು ಗಾಜಿನ ಕೊಳವೆಯಲ್ಲಿ ಬಣ್ಣದ ನೀರು ಹರಿಸಿ ನೋಡಿದ ಫಲಿತಾಂಶವನ್ನು 1883ರಲ್ಲಿ ಪ್ರಕಟಿಸುವ ಹೊತ್ತಿಗೆ, ಪಕ್ಕದ ಸಾಲ್ಫರ್ಡಿನ ಪುಟ್ಟ ಕಾರ್ಖಾನೆಯೊಂದರಲ್ಲಿ ಹ್ಯಾನ್ಸ್ ಚೈನು ಮಾಡ್ತಿದ್ದರು.

ಒಬ್ಬರ ಹೆಸರು ಪರೀಕ್ಷೆಯಲ್ಲಿ ಬರುತ್ತೆ. ಇನ್ನೊಬ್ಬರ ಕೆಲಸ ಹಾಸ್ಟೆಲ್ ಪಾರ್ಕಿಂಗಿನಲ್ಲಿ ಸಾಲಾಗಿ ನಿಂತಿರೋ ಪ್ರತಿ ಬೈಕಿನಲ್ಲೂ, ಪ್ರತಿ ಸೈಕಲ್ಲಿನಲ್ಲೂ ಇದೆ. ಈ ಸಂಚಿಕೆಯಲ್ಲಿ ನಾವು ಎರಡನೆಯವರ ಕಥೆ ಹೇಳ್ತೀವಿ. ನಡುವೆ ಚೈನಿನ ಮಾಸ್ಟರ್ ಲಿಂಕ್ ಬಗ್ಗೆ ಒಂದಷ್ಟು ಕೆಲಸದ ಮಾತೂ ಬರುತ್ತೆ. ಎರಡೂ ಬೇರೆ ಬೇರೆ ವಿಷಯ ಅಲ್ಲ ಅನ್ನೋದು ಓದ್ತಾ ಹೋದ ಹಾಗೆ ಗೊತ್ತಾಗುತ್ತೆ.

ಆರೌ ಊರಿನ ಹುಡುಗ

ಹ್ಯಾನ್ಸ್ ರೆನೋಲ್ಡ್ ಹುಟ್ಟಿದ್ದು 1852ರಲ್ಲಿ, ಸ್ವಿಟ್ಜರ್ಲೆಂಡಿನ ಆರೌ ಎಂಬ ಸಣ್ಣ ಊರಿನಲ್ಲಿ. ಈ ಊರಿನ ಹೆಸರು ನಮ್ಮಲ್ಲಿ ಕೆಲವರಿಗೆ ಬೇರೆ ಕಾರಣಕ್ಕೆ ಗೊತ್ತಿರಬಹುದು. 1895ರಲ್ಲಿ ಜ್ಯೂರಿಕ್ ಪಾಲಿಟೆಕ್ನಿಕ್ಕಿನ ಪ್ರವೇಶ ಪರೀಕ್ಷೆಯಲ್ಲಿ ಸೀಟು ಸಿಗದ ಐನ್‌ಸ್ಟೈನ್ ಒಂದು ವರ್ಷ ಓದಿದ್ದು ಇದೇ ಆರೌನಲ್ಲಿ. ಅದಕ್ಕೆ ಇಪ್ಪತ್ತು ವರ್ಷಕ್ಕೂ ಮುಂಚೆ ಹ್ಯಾನ್ಸ್ ಕೂಡ ಆರೌನಿಂದ ಹೊರಟು ಅದೇ ಜ್ಯೂರಿಕ್ ಪಾಲಿಟೆಕ್ನಿಕ್ಕಿಗೆ ಹೋಗಿ ಇಂಜಿನಿಯರಿಂಗ್ ಕಲಿತರು. 1855ರಲ್ಲಿ ಶುರುವಾದ ಆ ಸಂಸ್ಥೆಗೆ ಆಗಿನ್ನೂ ಹೆಚ್ಚು ವಯಸ್ಸಾಗಿರಲಿಲ್ಲ.

ಓದಿನ ನಂತರ ಏನು? ನಾವು ಇವತ್ತು ಕೇಳಿಕೊಳ್ಳೋ ಪ್ರಶ್ನೆಯೇ ಅವರಿಗೂ ಇತ್ತು. ಸ್ವಿಟ್ಜರ್ಲೆಂಡಿನಲ್ಲಿ ಗಡಿಯಾರ ಇತ್ತು, ಒಂದಿಷ್ಟು ನೂಲಿನ ಗಿರಣಿಗಳಿದ್ದವು. ಆದರೆ ಯಂತ್ರಗಳ ರಾಜಧಾನಿ ಅಂತ ಜಗತ್ತು ನೋಡ್ತಿದ್ದದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಕಡೆಗೆ. ಹತ್ತಿ ಗಿರಣಿಗಳ ಊರು ಅದು. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತುಹೋದಾಗ, 1860ರ ದಶಕದಲ್ಲಿ ಮ್ಯಾಂಚೆಸ್ಟರಿನ ವ್ಯಾಪಾರಿಗಳು ನಮ್ಮ ಧಾರವಾಡದ ಹತ್ತಿಯ ಮೇಲೂ ಕಾರವಾರದ ಬಂದರಿನ ಮೇಲೂ ಕಣ್ಣಿಟ್ಟಿದ್ದರು ಅಂದ್ರೆ ಆ ಗಿರಣಿಗಳ ಹಸಿವು ಎಷ್ಟಿತ್ತು ಅಂತ ಊಹಿಸಬಹುದು. 1873ರಲ್ಲಿ, 21ನೇ ವಯಸ್ಸಿನಲ್ಲಿ, ಹ್ಯಾನ್ಸ್ ಆ ಊರಿಗೆ ಬಂದಿಳಿದರು. ಭಾಷೆ ಪರಕೀಯ, ಜನ ಅಪರಿಚಿತರು. ಯಂತ್ರಗಳನ್ನು ಹೊರದೇಶಕ್ಕೆ ಕಳಿಸೋ ಒಂದು ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು.

ಆರು ವರ್ಷ ಹಾಗೇ ದುಡಿದರು. ಆ ಆರು ವರ್ಷದಲ್ಲಿ ಅವರು ಗಿರಣಿ ಯಂತ್ರಗಳನ್ನ ಕೊಳ್ಳುವವರ ಕಣ್ಣಿನಿಂದ ನೋಡಿದ್ರು, ಅದು ಮುಖ್ಯ. ಯಾವ ಭಾಗ ಬೇಗ ಸವೆಯುತ್ತೆ, ಯಾವುದರಿಂದ ಯಂತ್ರ ನಿಲ್ಲುತ್ತೆ, ಗಿರಾಕಿ ಯಾವುದಕ್ಕೆ ಬೈತಾನೆ, ಇದೆಲ್ಲ ಡ್ರಾಯಿಂಗ್ ಹಾಳೆಯಲ್ಲಿ ಕಾಣೋದಿಲ್ಲ.

ಕೊಂಡದ್ದು ಚಿಕ್ಕ ಅಂಗಡಿ, ಅದರ ಜೊತೆ ಬಂದದ್ದು ದೊಡ್ಡ ಸಮಸ್ಯೆ

1879ರಲ್ಲಿ ರೆನೋಲ್ಡ್ ಸಾಲ್ಫರ್ಡಿನಲ್ಲಿದ್ದ ಜೇಮ್ಸ್ ಸ್ಲೇಟರ್ ಅವರ ಚೈನು ಮಾಡುವ ಪುಟ್ಟ ಉದ್ಯಮವನ್ನು ಕೊಂಡರು. ಸ್ಲೇಟರ್ ಸಾಮಾನ್ಯರಲ್ಲ. 1864ರಲ್ಲೇ ಪಿನ್ನಿನ ಮೇಲೆ ತಿರುಗುವ ರೋಲರ್ ಇರುವ ಚೈನಿಗೆ ಪೇಟೆಂಟ್ ತೆಗೆದಿದ್ದರು. ಗಿರಣಿ ಯಂತ್ರಗಳಿಗೆ ಆ ಚೈನು ಹೋಗ್ತಾ ಇತ್ತು. ಬಳಕೆಗೆ ಒಳ್ಳೇದೇ. ಆದರೆ ಅದಕ್ಕೊಂದು ರೋಗ ಇತ್ತು.

ಆ ರೋಗ ಏನು ಅಂತ ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದ್ರೆ ಇಡೀ ಕಥೆ ಇಲ್ಲೇ ಇದೆ. ಚೈನು ಅಂದ್ರೆ ಎರಡು ಬಗೆಯ ಕೊಂಡಿಗಳ ಸಾಲು: ಹೊರಗಿನ ಕೊಂಡಿ, ಒಳಗಿನ ಕೊಂಡಿ, ಮತ್ತೆ ಹೊರಗಿನದು, ಮತ್ತೆ ಒಳಗಿನದು. ಹೊರಗಿನ ಕೊಂಡಿಯ ಎರಡು ತಗಡುಗಳನ್ನು ಪಿನ್ನು ಹಿಡಿದಿರುತ್ತೆ. ಸ್ಪ್ರಾಕೆಟ್ ಮೇಲೆ ಹತ್ತುವಾಗ, ಇಳಿಯುವಾಗ ಕೊಂಡಿ ಮಡಚಬೇಕು. ಮಡಚುವಾಗ ಒಳಗಿನ ತಗಡು ಪಿನ್ನಿನ ಮೇಲೆ ಉಜ್ಜುತ್ತೆ. ಹಳೆಯ ಚೈನಿನಲ್ಲಿ ಒಳ ತಗಡಿನ ತೂತು ನೇರವಾಗಿ ಪಿನ್ನಿನ ಮೇಲೆ ಕೂತಿತ್ತು. ಅಂದ್ರೆ ಚೈನು ಎಳೆಯುವ ಪೂರ್ತಿ ಭಾರ ಎರಡು ತೆಳು ತಗಡುಗಳ ದಪ್ಪದ ಮೇಲೆ ಮಾತ್ರ.

ಒಂದು ಲೆಕ್ಕ ಹಾಕಿ ನೋಡೋಣ. ತಗಡಿನ ದಪ್ಪ 1.5 ಮಿಲಿಮೀಟರ್ ಅಂತ ಇಟ್ಕೊಳ್ಳಿ. ಎರಡು ತಗಡು ಸೇರಿ 3 ಮಿಲಿಮೀಟರ್. ಬೇರಿಂಗ್ ಒತ್ತಡ ಅಂದ್ರೆ ಭಾರವನ್ನು ಪಿನ್ನಿನ ವ್ಯಾಸ ಮತ್ತು ತಾಗುವ ಉದ್ದದ ಗುಣಲಬ್ಧದಿಂದ ಭಾಗಿಸಿದ್ದು, ಅದು ನಮಗೆಲ್ಲ ಬಾಯಿಪಾಠ. ಉದ್ದ ಬರೀ 3 ಮಿಲಿಮೀಟರ್ ಆದ್ರೆ ಒತ್ತಡ ವಿಪರೀತ. ತಗಡು ಪಿನ್ನಿಗೆ ಕಬ್ಬು ಕೊಯ್ಯೋ ಕುಡುಗೋಲಿನ ಹಾಗೆ ಕಚ್ಚುತ್ತೆ. ಪಿನ್ನಿನಲ್ಲಿ ಎರಡು ಕಚ್ಚು ಬೀಳುತ್ತೆ, ತಗಡಿನ ತೂತು ಮೊಟ್ಟೆಯಾಕಾರ ಆಗುತ್ತೆ, ಚೈನು ಉದ್ದವಾಗುತ್ತೆ.

1880ರಲ್ಲಿ ರೆನೋಲ್ಡ್ ಕೊಟ್ಟ ಪರಿಹಾರ ನೋಡಿದ್ರೆ, ಇಷ್ಟೇನಾ ಅನ್ನಿಸುತ್ತೆ. ಒಂದು ಸಣ್ಣ ಕೊಳವೆ. ಅದರ ಹೆಸರು ಬುಷ್. ಒಳಗಿನ ಎರಡು ತಗಡುಗಳನ್ನು ಈ ಬುಷ್ಷಿನ ಎರಡು ತುದಿಗೆ ಬಿಗಿಯಾಗಿ ಒತ್ತಿ ಕೂರಿಸಿದರು. ಪಿನ್ನು ಬುಷ್ಷಿನ ಒಳಗೆ ತಿರುಗುತ್ತೆ, ರೋಲರ್ ಬುಷ್ಷಿನ ಹೊರಗೆ ತಿರುಗುತ್ತೆ. ಈಗ ಉಜ್ಜಾಟ ತಗಡಿನ ಅಂಚಿನಲ್ಲಿ ಅಲ್ಲ, ಬುಷ್ಷಿನ ಪೂರ್ತಿ ಉದ್ದದಲ್ಲಿ. ಒಳ ಅಗಲ ಸುಮಾರು 8 ಮಿಲಿಮೀಟರ್, ಎರಡು ತಗಡಿನ 3 ಸೇರಿಸಿದರೆ 11. ಮೂರರ ಜಾಗದಲ್ಲಿ ಹನ್ನೊಂದು. ಅದೇ ಭಾರಕ್ಕೆ ಒತ್ತಡ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಜೊತೆಗೆ ಬುಷ್ಷಿನ ಒಳಗೆ ಎಣ್ಣೆ ನಿಲ್ಲೋಕೂ ಜಾಗ ಸಿಕ್ತು.

ಬುಷ್ ರೋಲರ್ ಚೈನ್ ಅಂತ ಇದಕ್ಕೆ ಹೆಸರಾಯ್ತು. ಇವತ್ತು ಯಾರ ಬೈಕಿನ ಚೈನನ್ನಾದ್ರೂ ಬಿಚ್ಚಿ ನೋಡಿ. ಉಕ್ಕು ಬದಲಾಗಿದೆ, ಹೀಟ್ ಟ್ರೀಟ್‌ಮೆಂಟ್ ಬದಲಾಗಿದೆ, ಓ-ರಿಂಗ್ ಬಂದಿದೆ. ವಿನ್ಯಾಸ ಮಾತ್ರ 1880ರದ್ದೇ.

ಸೈಕಲ್ಲಿನಿಂದ ವಿಮಾನದವರೆಗೆ

ರೆನೋಲ್ಡ್ ಈ ಚೈನನ್ನು ಮಾಡಿದ್ದು ಗಿರಣಿಗಳ ಊರಿನಲ್ಲಿ. ಆದರೆ ಕಾಲ ಬೇರೆ ಲೆಕ್ಕ ಹಾಕಿತ್ತು. ಆಗಿನ ಸೈಕಲ್ ಹೇಗಿತ್ತು ಅಂತ ಚಿತ್ರದಲ್ಲಿ ನೋಡಿರ್ತೀರಿ: ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟಾಣಿ ಚಕ್ರ, ಪೆಡಲ್ ಮುಂದಿನ ಚಕ್ರಕ್ಕೇ. ಒಂದು ಸುತ್ತು ತುಳಿದ್ರೆ ಚಕ್ರವೂ ಒಂದೇ ಸುತ್ತು. ವೇಗ ಬೇಕು ಅಂದ್ರೆ ಚಕ್ರ ದೊಡ್ಡದಾಗಬೇಕು. ಕಲ್ಲು ಎಡವಿದರೆ ಸವಾರ ತಲೆಕೆಳಗಾಗಿ ಬೀಳ್ತಿದ್ದ. ಚೈನು ಬಂದರೆ ಈ ಕಟ್ಟು ಬಿಡುಗಡೆ. ದೊಡ್ಡ ಸ್ಪ್ರಾಕೆಟ್ಟಿನಿಂದ ಚಿಕ್ಕ ಸ್ಪ್ರಾಕೆಟ್ಟಿಗೆ ಎಳೆದ್ರೆ ಸಣ್ಣ ಚಕ್ರವೂ ವೇಗವಾಗಿ ತಿರುಗುತ್ತೆ. 1885ರಲ್ಲಿ ಕಾವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ರೋವರ್ ಸೇಫ್ಟಿ ಸೈಕಲ್ ತಂದರು. ಎರಡು ಹೆಚ್ಚುಕಮ್ಮಿ ಸಮ ಚಕ್ರ, ನಡುವೆ ಸವಾರ, ಹಿಂದಿನ ಚಕ್ರಕ್ಕೆ ಚೈನು. ಮುಂದಿನ ಹತ್ತು ವರ್ಷದಲ್ಲಿ ಸೈಕಲ್ ಹುಚ್ಚು ಯೂರೋಪ್, ಅಮೆರಿಕ ಎರಡನ್ನೂ ಆವರಿಸಿತು. ಒಳ್ಳೆ ಚೈನಿಗೆ ಬೇಡಿಕೆ ಎಲ್ಲಿಂದೆಲ್ಲಿಗೋ ಏರಿತು.

1903ರಲ್ಲಿ ರೈಟ್ ಸಹೋದರರು ಕಿಟ್ಟಿ ಹಾಕಿನಲ್ಲಿ ಹಾರಿಸಿದ ವಿಮಾನವೂ ಚೈನಿನದ್ದೇ. ಒಂದು ಇಂಜಿನ್, ಎರಡು ಪ್ರೊಪೆಲ್ಲರ್, ನಡುವೆ ರೋಲರ್ ಚೈನು. ಪ್ರೊಪೆಲ್ಲರುಗಳು ಎದುರು ದಿಕ್ಕಿನಲ್ಲಿ ತಿರುಗಲಿ ಅಂತ ಒಂದು ಚೈನನ್ನು ಕೊಳವೆಗಳೊಳಗೆ ಅಡ್ಡಹಾಯಿಸಿ ಎಂಟರ ಆಕಾರದಲ್ಲಿ ಓಡಿಸಿದ್ದರು. ಆ ಚೈನು ಅಮೆರಿಕದ ತಯಾರಿ, ರೆನೋಲ್ಡ್ ಅವರದ್ದಲ್ಲ. ಆದರೆ ವಂಶ ಒಂದೇ.

ಮೋಟಾರ್ ಸೈಕಲ್ಲು ಮಾತ್ರ ಚೈನನ್ನು ಸುಲಭಕ್ಕೆ ಒಪ್ಪಲಿಲ್ಲ. ಶುರುವಿನ ಬೈಕುಗಳಲ್ಲಿ ಬಹುಪಾಲು ಚರ್ಮದ ಇಲ್ಲವೇ ರಬ್ಬರಿನ ಬೆಲ್ಟು. ಬೆಲ್ಟು ಸದ್ದಿಲ್ಲದೆ ನಡೆಯುತ್ತೆ, ಇಂಜಿನ್ನಿನ ಜರ್ಕನ್ನು ಜಾರಿ ನುಂಗಿಕೊಳ್ಳುತ್ತೆ. ಆದರೆ ಮಳೆ ಬಂದ್ರೆ ಜಾರುತ್ತೆ, ಏರಿನಲ್ಲಿ ಜಾರುತ್ತೆ, ಕಡೆಗೆ ಹರಿಯುತ್ತೆ. 1907ರ ಮೊದಲ ಐಲ್ ಆಫ್ ಮ್ಯಾನ್ ಟಿಟಿ ರೇಸಿನಲ್ಲಿ ಟ್ವಿನ್ ಸಿಲಿಂಡರ್ ವಿಭಾಗ ಗೆದ್ದ ರೆಮ್ ಫೌಲರ್ ದಾರಿಯಲ್ಲಿ ಬೆಲ್ಟಿನ ಜೊತೆ ಮತ್ತೆ ಮತ್ತೆ ಗುದ್ದಾಡಬೇಕಾಯ್ತು. 1911ರಲ್ಲಿ ರೇಸು ಬೆಟ್ಟದ ಹಾದಿಗೆ ಏರಿತು. ಆ ವರ್ಷದ ಸೀನಿಯರ್ ಟಿಟಿಯಲ್ಲಿ ಅಮೆರಿಕದ ಇಂಡಿಯನ್ ಬೈಕುಗಳು ಒಂದು, ಎರಡು, ಮೂರು ಮೂರೂ ಸ್ಥಾನ ಹೊಡೆದವು. ಆ ಬೈಕುಗಳಲ್ಲಿ ಎರಡು ಗೇರು ಮತ್ತು ಚೈನ್ ಡ್ರೈವ್ ಇತ್ತು. ಆಮೇಲಿನ ವರ್ಷಗಳಲ್ಲಿ ಬೆಲ್ಟು ಹಿಂದೆ ಸರಿಯಿತು, ಚೈನು ಗಟ್ಟಿಯಾಗಿ ಕೂತಿತು. ನಮ್ಮ ಮೈಸೂರಿನಲ್ಲಿ 1961ರಿಂದ ತಯಾರಾದ ಜಾವಾ ಬೈಕಿನ ಹೊತ್ತಿಗೆ ಹಿಂದಿನ ಚೈನಿಗೆ ಪೂರ್ತಿ ಮುಚ್ಚಿದ ಕೇಸೇ ಬಂದಿತ್ತು.

ರೆನೋಲ್ಡ್ ಒಂದು ಚೈನಿಗೆ ನಿಲ್ಲಲಿಲ್ಲ. ರೋಲರ್ ಚೈನಿನಲ್ಲಿ ಒಂದು ಹುಟ್ಟುಗುಣ ಇದೆ. ಸ್ಪ್ರಾಕೆಟ್ಟಿನ ಮೇಲೆ ಚೈನು ಕೂತಾಗ ಅದು ವೃತ್ತ ಅಲ್ಲ, ಬಹುಭುಜ. ಹಾಗಾಗಿ ಸ್ಪ್ರಾಕೆಟ್ ಒಂದೇ ವೇಗದಲ್ಲಿ ತಿರುಗಿದರೂ ಚೈನಿನ ವೇಗ ಸ್ವಲ್ಪ ಏರಿಳಿಯುತ್ತೆ. 11 ಹಲ್ಲಿನ ಸ್ಪ್ರಾಕೆಟ್ಟಿನಲ್ಲಿ ಈ ಏರಿಳಿತ ಸುಮಾರು ಶೇ. 4, 17 ಹಲ್ಲಿಗೆ ಶೇ. 1.7ರ ಹತ್ತಿರ. ಸದ್ದು, ಅದುರುವಿಕೆ ಅದರಿಂದಲೇ. 1895ರಲ್ಲಿ ಅವರು ಹೊರತಂದ ತಲೆಕೆಳಗು ಹಲ್ಲಿನ ಸೈಲೆಂಟ್ ಚೈನು ಈ ತೊಂದರೆಗೆ ಹುಡುಕಿದ ಮದ್ದು. ಕೊಂಡಿಗಳಿಗೇ ಹಲ್ಲು ಕೊಟ್ಟು, ಅವು ಸ್ಪ್ರಾಕೆಟ್ಟಿನ ಹಲ್ಲಿನ ಮೇಲೆ ಜಾರುತ್ತಾ ಮೆತ್ತಗೆ ಕೂರುವ ಹಾಗೆ ಮಾಡಿದರು. ಇಂಜಿನ್ನಿನೊಳಗಿನ ಎಷ್ಟೋ ಟೈಮಿಂಗ್ ಚೈನುಗಳು ಇವತ್ತಿಗೂ ಆ ಜಾತಿಯವು.

ಮಾಸ್ಟರ್ ಲಿಂಕ್: ರೆನೋಲ್ಡ್ ಪಾಠದ ಪ್ರಾಕ್ಟಿಕಲ್

ಈಗ ನಮ್ಮ ಪಾರ್ಕಿಂಗಿಗೆ ಬರೋಣ. ಚೈನಿಗೆ ಎರಡು ತುದಿ ಇದ್ರೆ ಉಪಯೋಗ ಇಲ್ಲ, ಅದು ಉಂಗುರ ಆಗಬೇಕು. ಹೊಸ ಚೈನು ಹಾಕುವಾಗ ಎರಡು ತುದಿ ಸೇರಿಸೋ ಕೊಂಡಿಯೇ ಮಾಸ್ಟರ್ ಲಿಂಕ್. ರೆನೋಲ್ಡ್ ವಿನ್ಯಾಸ ಅರ್ಥವಾಗಿದ್ರೆ ಇದೂ ಅರ್ಥವಾದ ಹಾಗೇ. ಬುಷ್ಷು ಇರೋದು ಒಳಗಿನ ಕೊಂಡಿಯಲ್ಲಿ, ಪಿನ್ನು ಇರೋದು ಹೊರಗಿನದರಲ್ಲಿ. ಹಾಗಾಗಿ ಚೈನಿನ ಎರಡೂ ತುದಿಯಲ್ಲಿ ಒಳಗಿನ ಕೊಂಡಿ ಇರಬೇಕು. ಮಾಸ್ಟರ್ ಲಿಂಕ್ ಅಂದ್ರೆ ಒಂದು ಬದಿಯ ತಗಡು ಬಿಚ್ಚಿಕೊಳ್ಳುವ ಹೊರಗಿನ ಕೊಂಡಿ. ಒಳ, ಹೊರ, ಒಳ, ಹೊರ ಅಂತ ಜೋಡಿಯಾಗಿ ಸಾಗೋದ್ರಿಂದ ಒಟ್ಟು ಕೊಂಡಿಗಳ ಸಂಖ್ಯೆ ಸಮ ಆಗಲೇಬೇಕು. ಬೆಸಕ್ಕೆ ಹೊಂದಿಸೋಕೆ ಡೊಂಕು ತಗಡಿನ ಅರ್ಧ ಲಿಂಕ್ ಸಿಗುತ್ತೆ. ಅದು ದುರ್ಬಲ, ಬೈಕಿಗೆ ಬೇಡ.

ಆಯ್ಕೆ ಹೇಗೆ? ಚೈನಿನ ತಗಡಿನ ಮೇಲೆ 420, 428, 520, 525, 530 ಹೀಗೆ ಒಂದು ಸಂಖ್ಯೆ ಇರುತ್ತೆ. ಮೊದಲ ಅಂಕಿ ಪಿಚ್ ಹೇಳುತ್ತೆ, ಇಂಚಿನ ಎಂಟನೇ ಭಾಗದ ಲೆಕ್ಕದಲ್ಲಿ. 4 ಅಂದ್ರೆ ಎಂಟರಲ್ಲಿ ನಾಲ್ಕು, ಅರ್ಧ ಇಂಚು, 12.7 ಮಿಲಿಮೀಟರ್. 5 ಅಂದ್ರೆ 15.875 ಮಿಲಿಮೀಟರ್. ಉಳಿದ ಎರಡು ಅಂಕಿ ಒಳ ಅಗಲದ್ದು. 520ಕ್ಕೆ 6.35, 525ಕ್ಕೆ 7.94, 530ಕ್ಕೆ 9.53 ಮಿಲಿಮೀಟರ್. 428ರ ಅಗಲವೂ 7.94, ಅಲ್ಲಿ ಅಂಕಿಯ ಲೆಕ್ಕ ಪಕ್ಕಾ ಹೊಂದೋದಿಲ್ಲ, ನೆನಪಿಟ್ಟುಕೊಂಡ್ರೆ ಸಾಕು. ದೇಶ ಪೂರ್ತಿ ಮೆಟ್ರಿಕ್ ಆದ್ರೂ ಚೈನಿನಲ್ಲಿ ಮಾತ್ರ ಆ ಹಳೆಯ ಇಂಗ್ಲಿಷ್ ಇಂಚು ಇನ್ನೂ ಉಳಿದಿದೆ.

ಸಂಖ್ಯೆ ಒಂದೇ ಇದ್ರೆ ಸಾಲದು. ಒಂದೇ 428ರಲ್ಲಿ ಒಬ್ಬ ತಯಾರಕನ ತಗಡು ದಪ್ಪ, ಇನ್ನೊಬ್ಬನದು ತೆಳು. ಓ-ರಿಂಗ್ ಇರುವ ಚೈನಿಗೆ ಪಿನ್ನು ಇನ್ನೂ ಉದ್ದ ಬೇಕು. ಹಾಗಾಗಿ ಅದೇ ತಯಾರಕನ, ಅದೇ ಮಾಡೆಲ್ ಚೈನಿಗೆ ಅಂತ ಕೊಟ್ಟ ಲಿಂಕನ್ನೇ ಹಾಕಬೇಕು. ಗ್ಯಾರೇಜಿನ ಡಬ್ಬದಲ್ಲಿ ಬಿದ್ದಿದ್ದ ಯಾವುದೋ ಲಿಂಕ್ ಕೂತಿತು ಅಂದ ಮಾತ್ರಕ್ಕೆ ಅದು ಸರಿ ಅಂತ ಅಲ್ಲ. ಸಡಿಲ ಇದ್ದರೆ ಆ ಒಂದು ಜಾಗದಲ್ಲಿ ನಾವು ಮತ್ತೆ 1864ಕ್ಕೆ ಹೋದ ಹಾಗೆ: ಭಾರವೆಲ್ಲ ಅಂಚಿನ ಮೇಲೆ.

ಮಾಸ್ಟರ್ ಲಿಂಕಿನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಕ್ಲಿಪ್ ಲಿಂಕ್. ಹೊರ ತಗಡು ಕೂರಿಸಿ, ಪಿನ್ನಿನ ತೋಡಿಗೆ ಮೀನಿನಾಕಾರದ ಸ್ಪ್ರಿಂಗ್ ಕ್ಲಿಪ್ ಸಿಕ್ಕಿಸೋದು. ಚಿಕ್ಕ ಇಂಜಿನ್ನಿನ ಬೈಕುಗಳಲ್ಲಿ ಇದು ಸಾಮಾನ್ಯ. ಇನ್ನೊಂದು ರಿವೆಟ್ ಲಿಂಕ್. ಪಿನ್ನಿನ ತುದಿಯನ್ನೇ ಉಪಕರಣದಿಂದ ಅರಳಿಸಿ ತಗಡು ಬಿಚ್ಚದ ಹಾಗೆ ಮಾಡೋದು. ಹೆಚ್ಚು ಶಕ್ತಿಯ ಬೈಕಿಗೆ ಇದೇ ಬೇಕು. ನಮ್ಮ ಬೈಕಿಗೆ ಯಾವುದು ಅಂತ ಮ್ಯಾನ್ಯುಯಲ್ ಹೇಳುತ್ತೆ. ಅದು ರಿವೆಟ್ ಅಂದ ಕಡೆ ಕ್ಲಿಪ್ ಹಾಕಬಾರದು.

ಹಾಕುವ ಕ್ರಮ ಹೀಗೆ:

ಒಂದು, ಇಂಜಿನ್ ಆಫ್, ಕೀ ಜೇಬಿನಲ್ಲಿ, ಗೇರು ನ್ಯೂಟ್ರಲ್, ಬೈಕು ಅಲುಗಾಡದ ಸ್ಟ್ಯಾಂಡಿನ ಮೇಲೆ. ಇಂಜಿನ್ ಓಡಿಸಿ ಚೈನು ತಿರುಗಿಸೋದು ಬೇಡವೇ ಬೇಡ. ಬೆರಳು ಸ್ಪ್ರಾಕೆಟ್ಟಿಗೆ ಸಿಕ್ಕಿದ್ರೆ ಬೆರಳು ಹೋಗುತ್ತೆ. ಚಕ್ರವನ್ನು ಕೈಯಿಂದ ತಿರುಗಿಸಿದ್ರೆ ಸಾಕು, ಆಗಲೂ ಬೆರಳು ಹಲ್ಲಿನಿಂದ ದೂರ.

ಎರಡು, ಚೈನಿನ ಎರಡು ತುದಿಯನ್ನು ಹಿಂದಿನ ಸ್ಪ್ರಾಕೆಟ್ಟಿನ ಅಕ್ಕಪಕ್ಕದ ಹಲ್ಲುಗಳ ಮೇಲೆ ಕೂರಿಸಿ. ಸ್ಪ್ರಾಕೆಟ್ಟೇ ತುದಿಗಳನ್ನ ಸರಿಯಾದ ದೂರದಲ್ಲಿ ಹಿಡಿದುಕೊಳ್ಳುತ್ತೆ.

ಮೂರು, ಓ-ರಿಂಗ್ ಚೈನಾದ್ರೆ ನಾಲ್ಕು ಓ-ರಿಂಗ್ ಇರಬೇಕು: ಒಳಬದಿ ಎರಡು, ಹೊರಬದಿ ಎರಡು. ಲಿಂಕಿನ ಜೊತೆ ಬಂದ ಗ್ರೀಸನ್ನು ಪಿನ್ನಿಗೆ ಪೂರ್ತಿ ಸವರಿ. ಈ ಪಿನ್ನಿಗೆ ಸಿಗೋದು ನಾವು ಈಗ ಹಾಕೋ ಗ್ರೀಸು ಮಾತ್ರ, ಆಮೇಲೆ ಒಳಗೆ ಹೋಗೋಕೆ ದಾರಿ ಇರೋದಿಲ್ಲ.

ನಾಲ್ಕು, ಹೊರ ತಗಡು ಬಿಗಿಯಾಗಿ ಕೂರುವ ಬಗೆಯದಾದ್ರೆ ಚೈನ್ ಪ್ರೆಸ್ ಉಪಕರಣದಿಂದಲೇ ಒತ್ತಿ. ಸುತ್ತಿಗೆ ಏಟು ಬೇಡ, ಪಿನ್ನನ್ನ ಅರದಿಂದ ಉಜ್ಜಿ ಸಡಿಲ ಮಾಡೋದಂತೂ ಬೇಡವೇ ಬೇಡ. ಬಿಗಿ ಇರೋದೇ ಅದರ ಬಲ. ಎಷ್ಟು ಒತ್ತಬೇಕು? ಪಕ್ಕದ ಹೊರ ಕೊಂಡಿಯ ಅಗಲವನ್ನು ವರ್ನಿಯರ್‌ನಿಂದ ಅಳೆದು, ಅಷ್ಟೇ ಬರೋವರೆಗೆ. ಜಾಸ್ತಿ ಒತ್ತಿದ್ರೆ ಓ-ರಿಂಗ್ ನಜ್ಜಾಗಿ ಕೊಂಡಿ ಮಡಚೋದೇ ಇಲ್ಲ. ಕಡಿಮೆ ಒತ್ತಿದ್ರೆ ಕ್ಲಿಪ್ಪು ತೋಡಿನಲ್ಲಿ ಪೂರ್ತಿ ಕೂರೋದಿಲ್ಲ.

ಐದು, ಕ್ಲಿಪ್ಪಿನ ದಿಕ್ಕು. ಕ್ಲಿಪ್ಪಿಗೆ ಒಂದು ಮುಚ್ಚಿದ ತುದಿ, ಒಂದು ಸೀಳಿದ ತುದಿ. ಚೈನು ಸಾಗುವ ದಿಕ್ಕಿಗೆ ಮುಚ್ಚಿದ ತುದಿ ಮುಂದೆ. ಮೀನು ಈಜೋವಾಗ ತಲೆ ಮುಂದೆ, ಬಾಲ ಹಿಂದೆ ಇರೋ ಹಾಗೆ. ಬೈಕು ಮುಂದೆ ಹೋಗುವಾಗ ಚೈನಿನ ಮೇಲಿನ ಸಾಲು ಹಿಂದಿನಿಂದ ಮುಂದಕ್ಕೆ ಸಾಗುತ್ತೆ. ಅಂದ್ರೆ ಲಿಂಕು ಮೇಲಿನ ಸಾಲಿನಲ್ಲಿದ್ದಾಗ ಮುಚ್ಚಿದ ತುದಿ ಹೆಡ್‌ಲೈಟ್ ಕಡೆಗೆ, ಕೆಳಗಿನ ಸಾಲಿನಲ್ಲಿದ್ದಾಗ ಹಿಂಬದಿಗೆ. ತಿರುಗಾ ಮುರುಗಾ ಹಾಕಿದರೆ, ಕಲ್ಲೋ ಕಡ್ಡಿಯೋ ಚೈನ್ ಗಾರ್ಡೋ ಸೀಳಿದ ತುದಿಗೆ ತಾಗಿ ಕ್ಲಿಪ್ ಹಾರಿಹೋಗುತ್ತೆ. ಕ್ಲಿಪ್ ಎರಡೂ ಪಿನ್ನಿನ ತೋಡಿನಲ್ಲಿ ಸಮತಟ್ಟಾಗಿ ಕೂತಿದೆಯಾ ಅಂತ ಬೆಳಕಿನಲ್ಲಿ ನೋಡಿ. ಬಿಚ್ಚಿದ ಹಳೆಯ ಕ್ಲಿಪ್ಪನ್ನು ಮತ್ತೆ ಹಾಕಬೇಡಿ, ಒಂದು ಸಲ ಅಗಲಿಸಿದ ಸ್ಪ್ರಿಂಗಿಗೆ ಮೊದಲಿನ ಹಿಡಿತ ಇರೋದಿಲ್ಲ.

ಆರು, ರಿವೆಟ್ ಲಿಂಕಾದ್ರೆ ಪಿನ್ನಿನ ತುದಿ ಎಷ್ಟು ವ್ಯಾಸಕ್ಕೆ ಅರಳಬೇಕು ಅಂತ ತಯಾರಕರು ಕೊಟ್ಟಿರ್ತಾರೆ. ಸ್ವಲ್ಪ ಸ್ವಲ್ಪ ಅರಳಿಸಿ, ಪ್ರತಿ ಸಲ ಅಳೆಯಬೇಕು. ಅಂಚಿನಲ್ಲಿ ಬಿರುಕು ಕಂಡರೆ ಆ ಲಿಂಕು ಕಸದ ಬುಟ್ಟಿಗೆ, ಹೊಸದು ತರಬೇಕು.

ಏಳು, ಕಡೆಗೆ ಲಿಂಕನ್ನು ಕೈಯಲ್ಲಿ ಮಡಚಿ ನೋಡಿ. ಪಕ್ಕದ ಕೊಂಡಿಗಳಷ್ಟೇ ಸಲೀಸಾಗಿ ಮಡಚಬೇಕು. ಚೈನಿನ ಸಡಿಲ ಮ್ಯಾನ್ಯುಯಲ್ ಹೇಳಿದಷ್ಟಿರಲಿ. ಚಕ್ರವನ್ನು ಪೂರ್ತಿ ಸುತ್ತಿಸಿ ಬೇರೆ ಬೇರೆ ಜಾಗದಲ್ಲಿ ನೋಡಿ, ಅತಿ ಬಿಗಿ ಇರೋ ಜಾಗದಲ್ಲಿ ಹೊಂದಿಸಿ. ಆಕ್ಸಲ್ ನಟ್ಟನ್ನು ಹೇಳಿದ ಟಾರ್ಕಿಗೆ ಬಿಗಿ ಮಾಡಿ. ಸ್ವಲ್ಪ ದೂರ ಓಡಿಸಿ ಬಂದು ಮತ್ತೊಮ್ಮೆ ಕ್ಲಿಪ್ ನೋಡಿ. ಆಮೇಲೂ ಪ್ರತಿ ಸಲ ಚೈನಿಗೆ ಲೂಬ್ ಹಾಕುವಾಗ ಕ್ಲಿಪ್ಪಿನ ಮೇಲೊಂದು ಕಣ್ಣಿರಲಿ.

ಇಷ್ಟೆಲ್ಲ ಯಾಕೆ? ಓಡ್ತಿರೋ ಬೈಕಿನಲ್ಲಿ ಚೈನು ಬಿಚ್ಚಿದ್ರೆ ಅದೃಷ್ಟ ಚೆನ್ನಾಗಿದ್ದಾಗ ಬೈಕು ಬರೀ ನಿಲ್ಲುತ್ತೆ. ಕೆಟ್ಟಿದ್ದಾಗ ಮುಂದಿನ ಸ್ಪ್ರಾಕೆಟ್ಟಿನ ಹತ್ತಿರ ಮುದ್ದೆಯಾಗಿ ಸಿಕ್ಕಿ ಕ್ರ್ಯಾಂಕ್‌ಕೇಸ್ ಒಡೆಯುತ್ತೆ, ಇಲ್ಲವೇ ಹಿಂದಿನ ಚಕ್ರವನ್ನೇ ಲಾಕ್ ಮಾಡುತ್ತೆ. ಘಾಟಿಯ ತಿರುವಿನಲ್ಲಿ, ಹಿಂದೆ ಗೆಳೆಯನನ್ನ ಕೂರಿಸಿಕೊಂಡಿದ್ದಾಗ, ಹಿಂದಿನ ಚಕ್ರ ಲಾಕ್ ಆಗೋದು ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಮಾತು. ಚೈನು ಎಳೆದುಕೊಂಡಿದೆ ಅಂತ ನಾವು ಹೇಳ್ತೀವಲ್ಲ, ತಗಡು ರಬ್ಬರಿನ ಹಾಗೆ ಎಳೆದುಕೊಂಡಿರೋದಿಲ್ಲ. ಪಿನ್ನು, ಬುಷ್ಷು ಸವೆದಿರುತ್ತೆ. ಒಂದೊಂದು ಕೊಂಡಿಯಲ್ಲಿ 0.05 ಮಿಲಿಮೀಟರ್ ಸವೆದರೂ 120 ಕೊಂಡಿಗೆ 6 ಮಿಲಿಮೀಟರ್. ಹೀಗೆ ಪಿಚ್ ಬದಲಾದ ಚೈನು ಸ್ಪ್ರಾಕೆಟ್ಟಿನ ಹಲ್ಲನ್ನೂ ಕೊಕ್ಕೆಯಾಕಾರಕ್ಕೆ ತಿನ್ನುತ್ತೆ. ಅದಕ್ಕೇ ಸವೆದ ಚೈನಿನಿಂದ ಎರಡು ಕೊಂಡಿ ತೆಗೆದು, ಹೊಸ ಮಾಸ್ಟರ್ ಲಿಂಕ್ ಹಾಕಿ ಬಿಗಿ ಮಾಡೋದು ಉಳಿತಾಯ ಅಲ್ಲ. ಚೈನು ಮತ್ತು ಎರಡು ಸ್ಪ್ರಾಕೆಟ್ ಸೇರಿ ಒಂದು ಸೆಟ್. ಬದಲಿಸಿದ್ರೆ ಮೂರನ್ನೂ ಬದಲಿಸಬೇಕು.

ಕಾರ್ಖಾನೆಯೊಳಗಿನ ಕೊಂಡಿಗಳು

ಮತ್ತೆ ರೆನೋಲ್ಡ್ ಕಡೆಗೆ. ಚೈನಿನ ವ್ಯಾಪಾರದಲ್ಲಿ ಒಂದು ಕಷ್ಟ ಇದೆ. ಒಂದು ಚೈನಿನಲ್ಲಿ ನೂರಾರು ಬಿಡಿಭಾಗ. ಎಲ್ಲ ಚೆನ್ನಾಗಿದ್ದು ಒಂದು ಪಿನ್ನು ಹೋದರೂ ಇಡೀ ಚೈನು ಹೋಯ್ತು. ಅಂಥಾ ವಸ್ತುವನ್ನು ಮಾಡುವವನಿಗೆ ಅಳತೆ, ಪರೀಕ್ಷೆ, ಉಕ್ಕಿನ ಗುಣ ಇವೆಲ್ಲದರ ಜೊತೆ ಇನ್ನೊಂದೂ ಬೇಕು: ಹೊತ್ತು ಮುಳುಗೋ ಹೊತ್ತಿಗೂ ಗಮನ ಇಟ್ಟು ಕೆಲಸ ಮಾಡೋ ಜನ.

ರೆನೋಲ್ಡ್ ಇದನ್ನು ಗಂಭೀರವಾಗಿ ತೆಗೆದುಕೊಂಡರು. ಬ್ರಿಟನ್ನಿನ ಇಂಜಿನಿಯರಿಂಗ್ ಕಾರ್ಖಾನೆಗಳಲ್ಲಿ ಆಗ ವಾರಕ್ಕೆ 53, 54 ಗಂಟೆ ದುಡಿಮೆ ರೂಢಿ. 1890ರ ದಶಕದಲ್ಲೇ ರೆನೋಲ್ಡ್ ತಮ್ಮಲ್ಲಿ ಅದನ್ನು 48 ಗಂಟೆಗೆ ಇಳಿಸಿದರು. ಹಾಗೆ ಮಾಡಿದ ಮೊದಲಿಗರ ಸಾಲಿನಲ್ಲಿ ಅವರಿದ್ದಾರೆ. ಕೆಲಸಗಾರರಿಗೆ ಕ್ಯಾಂಟೀನ್ ತಂದರು. ಅಮೆರಿಕದ ಫ್ರೆಡರಿಕ್ ಟೇಲರ್ ಕೆಲಸದ ಪ್ರತಿ ಹೆಜ್ಜೆಯನ್ನು ಗಡಿಯಾರ ಹಿಡಿದು ಅಳೆಯುವ ವೈಜ್ಞಾನಿಕ ನಿರ್ವಹಣೆಯ ಮಾತಾಡ್ತಿದ್ದಾಗ, ಬ್ರಿಟನ್ನಿನಲ್ಲಿ ಅದನ್ನು ಬಹಳ ಮುಂಚೆ ಕೈಗೆತ್ತಿಕೊಂಡ ಕಾರ್ಖಾನೆಗಳಲ್ಲಿ ಇವರದ್ದೂ ಒಂದು.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಟೇಲರ್ ವಿಧಾನಕ್ಕೆ ಒಂದು ಕಠಿಣ ಮುಖ ಇದೆ. ಇಂಡಸ್ಟ್ರಿಯಲ್ ಇಂಜಿನಿಯರಿಂಗ್ ಓದೋರಿಗೆ ಗೊತ್ತು: ಮನುಷ್ಯನನ್ನೂ ಯಂತ್ರದ ಒಂದು ಭಾಗದ ಹಾಗೆ ನೋಡೋ ಅಪಾಯ ಅದು. ಗಂಟೆ ಕಡಿಮೆ ಮಾಡಿದ ಕೈಯೇ ಗಡಿಯಾರವನ್ನೂ ಹಿಡಿದಿತ್ತು. ರೆನೋಲ್ಡ್ ಅವರನ್ನ ಕಾರ್ಮಿಕರ ದೇವರು ಅಂತಲೂ ನಾವು ಹೇಳೋದಿಲ್ಲ, ಲೆಕ್ಕದ ಮಾಲೀಕ ಅಂತ ಬದಿಗೂ ಸರಿಸೋದಿಲ್ಲ. ಆದರೆ ಆ ಕಾರ್ಖಾನೆ ಅಲ್ಲಿಗೇ ನಿಲ್ಲಲಿಲ್ಲ ಅನ್ನೋದು ಗಮನಿಸಬೇಕಾದ ಸಂಗತಿ. ಅವರ ಮಗ ಚಾರ್ಲ್ಸ್ ಅಮೆರಿಕದ ಕಾರ್ನೆಲ್‌ನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಬಂದು ಕಂಪನಿ ಸೇರಿದರು. ಮೊದಲ ಮಹಾಯುದ್ಧದ ಕಾಲದಲ್ಲಿ ಕಾರ್ಮಿಕರೂ ಆಡಳಿತದವರೂ ಒಟ್ಟಿಗೆ ಕೂತು ಮಾತಾಡುವ ಸಮಿತಿಗಳನ್ನು ಅಲ್ಲಿ ಬೆಳೆಸಿದರು. ಮುಂದೆ ಬ್ರಿಟಿಷ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಶುರುವಾದಾಗ ಅದರ ಮೊದಲ ಅಧ್ಯಕ್ಷರಾದರು.

ಕಂಪನಿ ಮ್ಯಾಂಚೆಸ್ಟರಿನ ಬರ್ನೇಜಿನಲ್ಲಿ ದೊಡ್ಡ ಜಾಗಕ್ಕೆ ಬೆಳೆಯಿತು. 1930ರಲ್ಲಿ ಹಳೆಯ ಪ್ರತಿಸ್ಪರ್ಧಿ ಕಾವೆಂಟ್ರಿ ಚೈನ್ ಕಂಪನಿಯ ಜೊತೆ ಒಂದಾಯಿತು. 1943ರಲ್ಲಿ, ಎರಡನೇ ಮಹಾಯುದ್ಧ ನಡೀತಿರುವಾಗ, 90ನೇ ವಯಸ್ಸಿನಲ್ಲಿ ಹ್ಯಾನ್ಸ್ ರೆನೋಲ್ಡ್ ತೀರಿಕೊಂಡರು. ಇಪ್ಪತ್ತೊಂದರ ಹುಡುಗನಾಗಿ ಬಂದ ದೇಶದಲ್ಲೇ ಎಪ್ಪತ್ತು ವರ್ಷ ಕಳೆದಿದ್ದರು. ಅವರು ಕೊಂಡಾಗ ಚೈನು ಅಂದ್ರೆ ಗಿರಣಿಯ ಒಂದು ಬಿಡಿಭಾಗ. ಅವರು ಹೋಗುವ ಹೊತ್ತಿಗೆ ಅದು ಸೈಕಲ್ಲು, ಬೈಕು, ಕಾರು, ಕಾರ್ಖಾನೆ ಎಲ್ಲ ಕಡೆಯೂ ಓಡ್ತಿತ್ತು.

ನಮ್ಮಲ್ಲಿ ಪ್ರಾಜೆಕ್ಟ್ ಅಂದ ಕೂಡಲೇ ಹೊಸದೊಂದು ಯಂತ್ರವನ್ನೇ ಕಂಡುಹಿಡೀಬೇಕು ಅನ್ನೋ ಭಾರ ತಲೆ ಮೇಲೆ ಕೂರುತ್ತೆ. ರೆನೋಲ್ಡ್ ಚೈನನ್ನು ಕಂಡುಹಿಡಿಯಲಿಲ್ಲ. ರೋಲರನ್ನೂ ಕಂಡುಹಿಡಿಯಲಿಲ್ಲ, ಅದು ಸ್ಲೇಟರ್ ಕೊಟ್ಟದ್ದು. ಅವರು ಮಾಡಿದ್ದು ಎಲ್ಲಿ ಸವೆಯುತ್ತಿದೆ ಅಂತ ಸರಿಯಾಗಿ ನೋಡಿದ್ದು, ಅಲ್ಲಿಗೊಂದು ಕೊಳವೆ ಹಾಕಿದ್ದು. ಮೂರು ಮಿಲಿಮೀಟರನ್ನು ಹನ್ನೊಂದು ಮಾಡಿದ್ದು. ಆಮೇಲೆ ಉಳಿದ ಆಯುಷ್ಯವೆಲ್ಲ ಅದನ್ನು ಪ್ರತಿ ಸಲವೂ ಒಂದೇ ಥರ ಚೆನ್ನಾಗಿ ಮಾಡೋದು ಹೇಗೆ ಅಂತ ನೋಡಿದ್ದು.

ಈ ವಾರಾಂತ್ಯ ಬಿಡುವಾದಾಗ ಬೈಕಿನ ಹತ್ತಿರ ಕೂತು ಚೈನನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಮಾಸ್ಟರ್ ಲಿಂಕ್ ಎಲ್ಲಿದೆ, ಯಾವ ಬಗೆಯದು, ಕ್ಲಿಪ್ಪಿನ ಬಾಯಿ ಯಾವ ಕಡೆಗಿದೆ ಅಂತ ನೋಡಿ. ತಿರುಗಾ ಮುರುಗಾ ಇದ್ದರೆ ಅವತ್ತೇ ಹೊಸ ಕ್ಲಿಪ್ ತಂದು ಸರಿ ಮಾಡಿ, ರೂಮಿನವರ ಬೈಕನ್ನೂ ಒಂದು ಸಲ ನೋಡಿಬಿಡಿ. ಐದು ನಿಮಿಷದ ಕೆಲಸ ಅದು.